ಅಪ್ಪನ ವ್ರತ, ನಮ್ಮ ಕೊಡ

ನಮ್ಮಪ್ಪ ಊರಿಗೆ ನೀರು ಬಿಡುವವನು, ನಮ್ಮ ಮನೆಯಲ್ಲಿ ಮಾತ್ರ ಸದಾ ನೀರಿಗೆ ಬರ. ಹೀಗೆಂದರೆ ಕೇಳಿದವರು ಯಾವುದೋ ಗಾದೆಯಿರಬೇಕೆಂದು ನಗುತ್ತಾರೆ. ಗಾದೆಯಲ್ಲ, ಬೆಳಗಾವಿಯಲ್ಲಿ ಶಿವಬಸವ ನಗರದ ಹಿಂಬದಿಯ ಓಣಿಯೊಂದರಲ್ಲಿ ನಾನು ಬೆಳೆದ ಮನೆಯ ಸಂಗತಿ. ಅಪ್ಪ ವಾಲ್ವಮನ್ ಆಗಿದ್ದ. ಎದೆಯುದ್ದದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ರಸ್ತೆ ಬದಿಯ ಗುಂಡಿಯ ಮುಚ್ಚಳ ಸರಿಸಿ, ಚಾವಿ ಇಳಿಬಿಟ್ಟು ತಿರುವಿದನೆಂದರೆ ಒಂದು ಓಣಿಗೆ ನೀರು ಹರಿಯುತ್ತಿತ್ತು, ಹಿಂದಕ್ಕೆ ತಿರುವಿದರೆ ನಿಲ್ಲುತ್ತಿತ್ತು. ಅವನ ಪಾಲಿಗೆ ಆರು ಓಣಿ. ಮೂರು ದಿನಕ್ಕೊಮ್ಮೆ, ಬೆಳಗಿನ ಐದಕ್ಕೆ ಶುರುವಾಗಿ, ಒಂದೊಂದು ಓಣಿಗೆ ಒಂದು ತಾಸು ನೀರು. ಯಾವ ಓಣಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬುದನ್ನು ಕಚೇರಿಯವರು ವಾಲ್ವಮನ್ನಿಗೇ ಬಿಟ್ಟಿದ್ದರು. ಅಪ್ಪ ನಮ್ಮ ಓಣಿಯನ್ನು ಕಟ್ಟಕಡೆಗೆ ಇಟ್ಟಿದ್ದ. ನಮ್ಮ ಸರತಿ ಬರುವ ಹೊತ್ತಿಗೆ ಗಂಟೆ ಹತ್ತಾಗಿ, ಟಾಕಿಯ ನೀರು ತಳ ಕಂಡು, ಓಣಿಯ ತುದಿಯ ನಳದಲ್ಲಿ ಬರುತ್ತಿದ್ದದ್ದು ಎಳೆಗರು ಉಚ್ಚೆ ಹೊಯ್ದಷ್ಟು. ಹನ್ನೊಂದಕ್ಕೆ ಅದೂ ನಿಲ್ಲುತ್ತಿತ್ತು, ಏಕೆಂದರೆ ತಾಸು ಎಂದರೆ ಅಪ್ಪನಿಗೆ ತಾಸೇ.

ಒಂದರ ಹಿಂದೊಂದು ಮೂರು ಕೋಣೆಯ ಮನೆ ನಮ್ಮದು. ಹೊರಗೆ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಬಚ್ಚಲು. ಅಡುಗೆಮನೆಯ ಒಂದು ಗೋಡೆ ಪೂರ್ತಿ ನೀರಿಗೆ ಮೀಸಲು. ತಾಮ್ರದ ಹಂಡೆ, ಅವ್ವ ಖಾನಾಪುರದ ತವರಿನಿಂದ ತಂದಿದ್ದ ಮಣ್ಣಿನ ಎರಡು ಹರವಿ, ಹಿತ್ತಾಳೆ ಕೊಡಗಳು, ಖಾಲಿ ಎಣ್ಣೆ ಡಬ್ಬಿಗಳು, ನನಗಿಂತ ಒಂಬತ್ತು ವರ್ಷಕ್ಕೆ ಸಣ್ಣವನಾದ ತಮ್ಮ ಬಸುವಿನ ಹಾಲಿನ ಬಾಟಲಿ ಕೂಡ ಆ ಸಾಲಿನಲ್ಲಿ ನಿಂತಿರುತ್ತಿತ್ತು. ನಮ್ಮ ಮನೆಯ ನೀರು ನಾಲ್ಕು ಜನ್ಮ ಎತ್ತುತ್ತಿತ್ತು. ಅಕ್ಕಿ ತೊಳೆದದ್ದು ಕಾಯಿಪಲ್ಯಕ್ಕೆ, ಕಾಯಿಪಲ್ಯ ತೊಳೆದದ್ದು ಭಾಂಡೆ-ಪಾತ್ರೆಗೆ, ಭಾಂಡೆ ತೊಳೆದದ್ದು ಹಿತ್ತಲಿನ ಕರಿಬೇವಿನ ಬುಡಕ್ಕೆ. ನೀರು ಬರುವ ಹಿಂದಿನ ದಿನ ಊಟವೆಂದರೆ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಶೇಂಗಾ ಹಿಂಡಿ. ತೊಳೆಯುವ ತಾಟು ಕಡಿಮೆಯಾಗಲೆಂದು ರೊಟ್ಟಿಯ ಮೇಲೇ ಜುಣಕ ಹಾಕಿಕೊಂಡು, ಅಂಗೈಯಲ್ಲಿ ಹಿಡಿದು ಉಣ್ಣುತ್ತಿದ್ದೆವು. ಇಂದಿಗೂ ತಾಟಿನಲ್ಲಿ ಬಡಿಸಿದ ಜುಣಕ ನನಗೆ ರುಚಿ ಹತ್ತುವುದಿಲ್ಲ. ದೇವರ ಜಗಲಿಯ ಮೇಲೆ ಒಂದು ಸಣ್ಣ ತಂಬಿಗೆ ಇರುತ್ತಿತ್ತು. ಅದು ಅಪ್ಪನ ಲಿಂಗಪೂಜೆಯ ನೀರು, ಅಗ್ಘವಣಿ. ನಳದ ಮೊದಲ ಕೊಡ ಮನೆಗೆ ಬಂದಾಗ ಮೊದಲು ತುಂಬಬೇಕಾದದ್ದು ಅದನ್ನು. ಬಸುವಿಗೆ ಎಷ್ಟೇ ನೀರಡಿಕೆಯಾಗಲಿ, ಅದನ್ನು ಮುಟ್ಟುವಂತಿರಲಿಲ್ಲ.

ಅಪ್ಪ ಹೀಗೆ ಮಾಡಿದ್ದಕ್ಕೆ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮನೆಗೆ ಹತ್ತಿರವೆಂದು ಅವನು ನಮ್ಮ ಓಣಿಯ ಗುಂಡಿಯಿಂದಲೇ ಶುರು ಮಾಡುತ್ತಿದ್ದನಂತೆ. ಒಂದು ದಿನ ಬೇರೆ ಓಣಿಯ ಹೆಂಗಸೊಬ್ಬಳು, ಕಂಕುಳಲ್ಲಿ ಕೂಸು, ಕೈಯಲ್ಲಿ ಖಾಲಿ ಕೊಡ, ನಡುರಸ್ತೆಯಲ್ಲಿ ಅವನ ಸೈಕಲ್ ಹಿಡಿದು ನಿಲ್ಲಿಸಿ, "ನಿಮ್ಮ ಹೇಣ್ತಿ ಹಂಡೆ ತುಂಬಿ ಉಳದ್ರಷ್ಟ ನಮಗ ನೀರೇನ್ರಿ?" ಎಂದು ಕೇಳಿದಳು. ಅಂದು ಅಪ್ಪ ಮನೆಗೆ ಬಂದು ಉಣ್ಣಲಿಲ್ಲ. ಮರುದಿನ ಪೂಜೆಯಲ್ಲಿ, ಅಂಗೈಯ ಮೇಲಿನ ಲಿಂಗವನ್ನು ನೋಡುತ್ತ, ಈ ಕೆಲಸದಲ್ಲಿರುವವರೆಗೆ ನನ್ನ ಓಣಿಗೆ ಕಡೆಯ ನೀರು ಎಂದು ಮಾತು ಕೊಟ್ಟ. ನಾನಾಗ ಹುಟ್ಟಿರಲಿಲ್ಲ. ಅವ್ವ ಅಲ್ಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಅವನು ಕೇಳಲಿಲ್ಲ, ಕೇಳಬೇಕೆಂಬುದು ಹೊಳೆಯಲೂ ಇಲ್ಲ. ಒಳ್ಳೆಯದು ಮಾಡಲು ಯಾರನ್ನು ಕೇಳುವುದು ಎಂದುಕೊಂಡಿರಬೇಕು. ಅಲ್ಲಿಂದ ಅಪ್ಪನ ಹೆಸರಾಯಿತು. ಉಳಿದ ಐದು ಓಣಿಯವರು "ಗುರುಸಿದ್ದಪ್ಪ ಅಂದ್ರ ಬಂಗಾರದಂಥಾ ಮನಷ್ಯಾ" ಎನ್ನುತ್ತಿದ್ದರು. ಆ ಮಾತು ಕೇಳಿ ನಾನು ಸಣ್ಣವಳಿದ್ದಾಗ ಎದೆ ಉಬ್ಬಿಸಿಕೊಂಡು ನಡೆದದ್ದುಂಟು. ನಮ್ಮ ಓಣಿಯವರು ಏನನ್ನುತ್ತಿದ್ದರೆಂದು ಕೊಡ ಹಿಡಿದ ಮೇಲೆ ಗೊತ್ತಾಯಿತು.

ಕೊಡ ನನ್ನ ಕೈಗೆ ಬಂದದ್ದು ಒಂಬತ್ತನೆಯ ಇಯತ್ತೆಯಲ್ಲಿ. ಅವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಇನ್ನು ಮುಂದೆ ತುಂಬಿದ ಕೊಡ ಎತ್ತಲೇಬಾರದು ಎಂದು ಡಾಕ್ಟರು ಹೇಳಿದರು. ಡಾಕ್ಟರಿಗೇನು, ಹೇಳಿ ಮುಗಿಸಿದರು. ಕೊಡ ಎತ್ತುವ ಕೈ ಮನೆಯಲ್ಲಿ ನನ್ನದೊಂದೇ ಉಳಿಯಿತು. ಶಾಲೆ ಹತ್ತೂವರೆಗೆ, ನಳ ಹತ್ತಕ್ಕೆ. ಆ ಎಳೆಗರುವಿನ ಧಾರೆಯಲ್ಲಿ ಹತ್ತು ಮನೆಯವರು ಸರತಿ ನಿಂತು, ನಮ್ಮ ಪಾಲಿನ ಕೊಡಗಳು ಮನೆ ಸೇರುವ ಹೊತ್ತಿಗೆ ಹನ್ನೊಂದಾಗುತ್ತಿತ್ತು. ಒದ್ದೆ ಲಂಗದಲ್ಲಿ ಶಾಲೆಗೆ ಓಡಿದರೆ ಗೇಟು ಮುಚ್ಚಿರುತ್ತಿತ್ತು. ಎರಡು ಸಲ ಗೇಟಿನ ಹೊರಗೆ ನಿಂತು ಅತ್ತು ಬಂದೆ. ಮೂರನೆಯ ಸಲದಿಂದ ಹೋಗುವುದನ್ನೇ ಬಿಟ್ಟೆ. ಹೀಗೆ ಮೂರು ದಿನಕ್ಕೊಮ್ಮೆ ನನಗೆ ರಜೆ. ಗೆಳತಿಯರು "ನಿಂದು ಪುಣ್ಯಾ ನೋಡ" ಎನ್ನುತ್ತಿದ್ದರು.

ನಳದ ಸರತಿಗೆ ಸುಶೀಲಾ ಕಾಕು ಸೇನಾಪತಿ. ಪಕ್ಕದ ಮನೆಯವಳು, ಮನೆಯಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ಅಪ್ಪನನ್ನು ಬೈಯಬೇಕೆಂದಾಗಲೆಲ್ಲ ಅವಳು ನನ್ನನ್ನು ನೋಡಿ ಹೊಗಳುತ್ತಿದ್ದಳು.

"ನಿಮ್ಮಪ್ಪಾ ದೇವಮಾಣೂಸ ಬಾಳಾ, ಖರೇನ ದೇವರು. ಅದಕ್ಕ ನೋಡು, ಎಷ್ಟ ಬೇಡಿಕೊಂಡ್ರೂ ತಿರಗಿ ನೋಡಂಗಿಲ್ಲ."

ತಿರುಗಿ ನೋಡುತ್ತಿರಲಿಲ್ಲ ಎಂಬುದು ನಿಜ. ನಮ್ಮ ಓಣಿಯದು ಕಡೆಯ ಸರತಿಯಾದ್ದರಿಂದ ಆ ಒಂದು ತಾಸು ಅಪ್ಪ ಅಲ್ಲೇ ಇರುತ್ತಿದ್ದ. ನಳದಿಂದ ನಲವತ್ತು ಹೆಜ್ಜೆ ದೂರದ ಗುಂಡಿಯ ಬಾಜೂಕಿನ ಕಲ್ಲಿನ ಮೇಲೆ, ಚಾವಿಯನ್ನು ಮೊಣಕಾಲಿಗೆ ಆನಿಸಿಕೊಂಡು, ನಮ್ಮ ಕಡೆ ಬೆನ್ನು ಹಾಕಿ ಕೂತಿರುತ್ತಿದ್ದ. ಖಾಕಿ ಅಂಗಿ ತೊಟ್ಟವನು ಸ್ವಂತ ಮನೆಯ ಕೊಡ ಎತ್ತಿದರೆ ನೋಡಿದವರು ಏನೆಂದಾರು ಎಂಬುದು ಅವನ ಲೆಕ್ಕ. ನಾನು ಸೊಂಟಕ್ಕೊಂದು, ಕೈಗೊಂದು ಕೊಡ ಹಿಡಿದು ಅವನ ಮುಂದೆಯೇ ಹಾದು ಹೋಗುತ್ತಿದ್ದೆ. ಒಮ್ಮೆ ಕೆಸರಿನಲ್ಲಿ ಜಾರಿ ಬಿದ್ದು ಕೊಡ ನಗ್ಗಿತು, ಮೊಣಕೈ ತರಚಿತು. ಅಪ್ಪ ಎದ್ದು ನಿಂತ. ಎರಡು ಹೆಜ್ಜೆ ಬಂದ. ಆಮೇಲೆ ನಿಂತುಬಿಟ್ಟ. ಕಾಕು ಬಂದು ನನ್ನನ್ನು ಎಬ್ಬಿಸಿದಳು. ಆ ಎರಡು ಹೆಜ್ಜೆಯನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ. ಅಷ್ಟು ಬಂದವನಿಗೆ ಇನ್ನಷ್ಟು ಬರಲು ಏನಾಗಿತ್ತು?

ಹತ್ತನೆಯ ಇಯತ್ತೆಯ ದಸರೆ ರಜೆಗೆ ಮುಂಚೆ ಶಾಲೆಯ ಹೆಡ್ ಅಕ್ಕೋರು ಅವ್ವನನ್ನು ಕರೆಸಿದರು. ಹಾಜರಿ ಪುಸ್ತಕ ತೆರೆದು ನನ್ನ ಹೆಸರಿನ ಸಾಲಿನ ಮೇಲೆ ಬೆರಳಾಡಿಸಿದರು. ಅವರು ಕೆಟ್ಟವರಲ್ಲ, ಆದರೆ ನಿಯಮ ನಿಯಮವೇ.

"ಹುಡುಗಿ ಶಾಣ್ಯಾ ಅದಾಳ್ರಿ. ಆದ್ರ ಹಾಜರಿ ಹಿಂಗ ಇದ್ರ ಪರೀಕ್ಷಾದ ಫಾರ್ಮ ಕಳಸಾಕ ಬರಂಗಿಲ್ಲ. ರಜಾ ಮುಗದ ಮ್ಯಾಲ ಎರಡು ಮೂರು ದಿನಕ್ಕಿಂತ ಹೆಚ್ಚು ತಪ್ಪಸಬಾರದು. ಇಲ್ಲಾಂದ್ರ ಬರೂ ವರ್ಷ ನೋಡೂಣು."

ಬರುವ ವರ್ಷ ಎಂದರೇನೆಂದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮ ಓಣಿಯಲ್ಲಿ ಒಮ್ಮೆ ಶಾಲೆ ಬಿಟ್ಟ ಹುಡುಗಿಗೆ ಬರುವ ವರ್ಷ ಬರುತ್ತಿದ್ದದ್ದು ವರನ ಕಡೆಯವರು. ಅಪ್ಪ ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಹಾಕಿ, ಪುಂಡಿಪಲ್ಯ ಹಾಕಿ, ಎದುರಿಗೆ ಕೂತಳು.

"ಸರತಿ ಬದಲಿ ಮಾಡ್ರಿ. ನಮ್ಮ ಓಣಿ ಒಂದ ತಾಸ ಮೊದಲ ಇಡ್ರಿ, ಸಾಕು. ಸುವರ್ಣಾ ಸಾಲಿಗೆ ಹೋಗ್ತಾಳ."

"ಮಾತು ಕೊಟ್ಟೇನಿ. ನಿನಗ ಗೊತ್ತೈತಿ."

"ಕೊಟ್ಟವರು ನೀವು. ಹೊರಾವ್ರು ಯಾರು?"

"ಮಗಳ ಸಲುವಾಗಿ ಗುರುಸಿದ್ದಪ್ಪ ಸರತಿ ತಿರುವಿದಾ ಅಂದ್ರ ನಾಳೆ ನಾ ಯಾವ ಮಾರಿ ಇಟಗೊಂಡ ಓಣ್ಯಾಗ ಅಡ್ಡಾಡ್ಲಿ?"

"ಮಂದಿ ಏನಂದಾರು ಅಂತ ಅಂಜಿ ಮಾಡೂದಕ್ಕ ಸತ್ಯ ಅಂತಾರೇನ್ರಿ? ನಿಮ್ಮ ಮನಸ್ಸು ಸ್ವಚ್ಛ ಇರಾಕ ನನ್ನ ಮಗಳು ನಳದ ಮುಂದ ಮುದುಕಿ ಆಗಬೇಕೇನು?"

ಅಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದ. ನನಗೆ ತಡೆದುಕೊಳ್ಳಲಾಗಲಿಲ್ಲ. ಬಾಗಿಲ ಹಿಂದೆ ನಿಂತಿದ್ದವಳು ಒಳಗೆ ಬಂದು ಅಂದುಬಿಟ್ಟೆ.

"ಅಪ್ಪಾ, ನೀ ಮತಲಬಿ ಅದಿ."

ಮತಲಬಿ, ಅಂದರೆ ಸ್ವಾರ್ಥಿ. ಯಾರಿಗೆ ಅಂದೆ ನೋಡಿ! ಆರು ಓಣಿಗೆ ನೀರು ಬಿಟ್ಟು ಒಂದು ಚೊಂಬನ್ನೂ ಹೆಚ್ಚಿಗೆ ತಾರದವನಿಗೆ. ಅಪ್ಪನ ಕೈಯಲ್ಲಿನ ತುತ್ತು ಹಾಗೇ ಉಳಿಯಿತು. ಕೆನ್ನೆಗೆ ಬಿಗಿಯುತ್ತಾನೆ ಎಂದು ಕಾದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ, ತುತ್ತನ್ನು ತಾಟಿಗಿಟ್ಟು ಎದ್ದು ಹೋದ. ತಪ್ಪು ಮಾತಾಡಿದೆನೆಂದು ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಆದರೆ ಪೂರ್ತಿ ಸರಿ ಮಾತಾಡಿದೆನೆಂಬ ಧೈರ್ಯವೂ ನನಗಿಲ್ಲ. ಮುಂದೆ ನಾನು ಸರ್ಕಾರಿ ಕೆಲಸಕ್ಕೆ ಸೇರಿ, ಒಂದು ಕಾಗದಕ್ಕೆ ಸಹಿ ಹಾಕಲಾರೆನೆಂದು ಹಟ ಹಿಡಿದು, ದೂರದ ಊರಿಗೆ ವರ್ಗವಾಗುವ ಪ್ರಸಂಗ ಬಂತು. ಆಗ ಸಾಹೇಬರಿಗೆ ಇಲ್ಲವೆನ್ನುವ ಮೊದಲು ಮನೆಗೆ ಬಂದು ಗಂಡನನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಮಗಳು ಒಂದು ದಿನ ಅತ್ತಳು, ಆಮೇಲೆ ಅವಳೇ ಪುಸ್ತಕ ಕಟ್ಟತೊಡಗಿದಳು. ಅಷ್ಟು ಕೇಳಿದ್ದರೆ ಅವ್ವನೂ ಅತ್ತು ಒಪ್ಪುತ್ತಿದ್ದಳೇನೋ. ಅವಳನ್ನು ಯಾರೂ ಕೇಳಲಿಲ್ಲ.

ರಜೆ ಶುರುವಾದೊಡನೆ ಅವ್ವ ನಮ್ಮಿಬ್ಬರನ್ನು ಕಟ್ಟಿಕೊಂಡು ಖಾನಾಪುರಕ್ಕೆ ಹೊರಟಳು. ಮುನಿಸಿಕೊಂಡು ಹೊರಟದ್ದೆಂದು ಅಪ್ಪನಿಗೆ ತಿಳಿಯಲೆಂದೇ ಹಂಡೆ ಬೋರಲು ಹಾಕಿ ಹೋದಳು. ಖಾನಾಪುರದಲ್ಲಿ ಆಯಿ, ಅಂದರೆ ಅವ್ವನ ಅವ್ವ, ಮಲಪ್ರಭೆಗೆ ಹತ್ತಿರದ ಓಣಿಯಲ್ಲಿದ್ದಳು. ಅಲ್ಲಿ ನೀರಿಗೆ ಸರತಿ ಎಂದರೆ ಜನ ನಗುತ್ತಿದ್ದರು. ಮೊದಲ ದಿನ ನಾನು ಹೊಳೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು ಎದ್ದು ಬರಲೇ ಒಲ್ಲೆನೆಂದೆ. ಬಸು ತುಂಬಿದ ಬಕೆಟ್ಟನ್ನು ಅಂಗಳಕ್ಕೆ ಚೆಲ್ಲಿ, ಯಾರೂ ಬೈಯದಿದ್ದುದನ್ನು ಕಂಡು, ಇನ್ನೊಂದು ಬಕೆಟ್ ಚೆಲ್ಲಿದ. ಆಯಿಗೆ ಮಗಳು ಬಂದ ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅಳಿಯನ ಮೇಲೆ ಅವಳಿಗೆ ಭಾಳ ಗೌರವ. ಮೆಂತ್ಯದ ಸೊಪ್ಪು ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು, ಕಡೆಗೆ ಕೇಳಿದಳು.

"ನಿಮ್ಮ ಓಣ್ಯಾಗ ಎಷ್ಟ ಮನಿ ಅದಾವ?"

"ಹತ್ತು."

"ಹತ್ತೂ ಮನ್ಯಾಗಿನ ಹೆಂಗಸರು ಅಳ್ಯಾರ ಹೆಂಡಂದಿರೇನು?"

"ಯವ್ವಾ, ಏನ ಮಾತ ಆಡ್ತಿ!" ಎಂದು ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಮತ್ತ? ಹೆಂಡತಿ ಮಕ್ಕಳಿಗೆ ಕಡೀ ನೀರು ಅಂತ ಅವರು ಮಾತು ಕೊಟ್ಟಾರು, ಒಪ್ಪೂಣು. ಬಾಜೂ ಮನಿಯಾಕಿ ಏನ ಪಾಪಾ ಮಾಡ್ಯಾಳ? ನೀ ಮನ್ಯಾಗ ಕುಂತು ಹೆಂಡತಿಯಾಗಿ ಹೇಳಿದ್ರ ಅವರಿಗೆ ಅದು ಮನಿ ಸಲುವಾಗಿನ ಆಸೆ ಅನಸತೈತಿ. ಹೆಂಡತಿಯಾಗಿ ಹೇಳಬ್ಯಾಡ. ಹತ್ತು ಮಂದಿ ಕೂಡಿ ಬರದ ಕೊಡ್ರಿ. ಬರದದ್ದನ್ನ ಅಂಥಾ ಮನಷ್ಯಾ ಓದದ ಇರಂಗಿಲ್ಲ."

ಎಂಟು ದಿನ ಇರಲೆಂದು ಬಂದ ಅವ್ವ ನಾಲ್ಕನೆಯ ದಿನವೇ ಸೀರೆ ಮಡಚಿದಳು. ಹೊರಡುವಾಗ ಹೊಳೆಯ ಕಡೆ ನೋಡಿ ಬಸು ರಾಗ ತೆಗೆದ. ಅವನನ್ನು ಎತ್ತಿಕೊಳ್ಳಲು ಹೋದ ಅವ್ವನನ್ನು ತಡೆದು ನಾನೇ ಎತ್ತಿಕೊಂಡೆ.

ಅರ್ಜಿ ಬರೆದದ್ದು ನಾನು. ಅವ್ವ ಖಾನಾಪುರದಲ್ಲಿ ನಾಲ್ಕನೆಯವರೆಗೆ ಮರಾಠಿ ಶಾಲೆ ಕಲಿತವಳು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಕಾಕುವಿನ ಪಡಸಾಲೆಯಲ್ಲಿ ಹತ್ತು ಹೆಂಗಸರು, ನಡುವೆ ನಾನು, ಮುಂದೆ ಗೆರೆ ಹಾಕಿದ ಕಾಗದ. "ಮಾನ್ಯ ವಾಲ್ವಮನ್ ಸಾಹೇಬರ ಸನ್ನಿಧಿಗೆ" ಎಂದು ಬರೆದು ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ, ಹೆಸರನ್ನೂ ಬರೆ ಎಂದಳು. ಹೆಸರು ಹೇಳು ಎಂದೆ, ಬೇಕೆಂದೇ. ಗಂಡನ ಹೆಸರು ಅವಳ ಬಾಯಲ್ಲಿ ಎಂದೂ ಬಂದದ್ದಿಲ್ಲ. ಆ ದಿನವೂ ಬರಲಿಲ್ಲ, "ಗೊತ್ತಿದ್ದದ್ದ ಕೇಳ್ತಿ ಏನ ಹುಚ್ಚಿ" ಎಂದು ತಲೆಗೊಂದು ಮೊಟಕಿದಳು. ಬರೆಯುವ ವಿಷಯ ನಾನು ಅಂದುಕೊಂಡಂತೆ ಸುಲಭವಿರಲಿಲ್ಲ. ಕಾಕು ಎಲ್ಲ ಬೈಗುಳವನ್ನೂ ಸೇರಿಸೆಂದಳು. ಅವ್ವ ಬೈಗುಳ ಬೇಡ, ಹೊಗಳಿಕೆಯೂ ಬೇಡ, ಆದದ್ದಷ್ಟೇ ಇರಲಿ ಎಂದಳು. ನೀರು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಯಾರ ಮನೆಯಲ್ಲಿ ಯಾರಿಗೆ ಏನು ತಪ್ಪುತ್ತದೆ ಎಂದು ಮನೆಮನೆಯದೂ ಬರೆದೆವು. ಒಬ್ಬಳಿಗೆ ಊರಾಚೆ ಮಚ್ಛೆಯಲ್ಲಿನ ಫ್ಯಾಕ್ಟರಿ ಕೆಲಸಕ್ಕೆ ಹೊತ್ತಾಗಿ ಮೂರು ದಿನಕ್ಕೊಮ್ಮೆ ಅರ್ಧ ದಿನದ ಪಗಾರ ಹೋಗುತ್ತಿತ್ತು. ಒಬ್ಬಳ ಮುದಿ ಅತ್ತೆ ಆ ದಿನ ಹಾಸಿಗೆಯಲ್ಲೇ ಒದ್ದೆಯಾಗಿ ಬಿದ್ದಿರುತ್ತಿದ್ದಳು. ಇದು ನನಗೆ ಗೊತ್ತೇ ಇರಲಿಲ್ಲ. ನಳದ ಮುಂದೆ ನನ್ನ ಶಾಲೆಯ ದುಃಖವೊಂದೇ ದೊಡ್ಡದೆಂದು ನಿಂತಿರುತ್ತಿದ್ದೆ. ಅಪ್ಪನನ್ನು ಮತಲಬಿ ಎಂದವಳು ಆ ಎರಡು ಸಾಲನ್ನು ಎಲ್ಲಕ್ಕಿಂತ ದುಂಡಗೆ ಬರೆದೆ. ನಮ್ಮ ಮನೆಯದು ಕಡೆಗೆ ಬಂತು. "ಒಬ್ಬ ವಿದ್ಯಾರ್ಥಿನಿಯ ಪರೀಕ್ಷೆ ತಪ್ಪುವುದಿದೆ" ಎಂದಷ್ಟೇ ಬರೆದೆ. ಕೆಳಗೆ ಕೆಲವರು ಹೆಬ್ಬೆಟ್ಟು ಒತ್ತಿದರು. ಅವ್ವ ಮರಾಠಿ ಅಕ್ಷರದಲ್ಲಿ, ನಮ್ಮ ಕಡೆಯ ರೂಢಿಯಂತೆ, ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂದು ನಿಧಾನವಾಗಿ ಸಹಿ ಮಾಡಿದಳು. ಬಾಯಲ್ಲಿ ಬಾರದ ಹೆಸರು ಕೈಯಲ್ಲಿ ಬಂತು.

ಮುಂದಿನ ನೀರಿನ ದಿನ, ಅಪ್ಪ ಕಲ್ಲಿನ ಮೇಲೆ ಕೂತಿದ್ದಾಗ, ಹತ್ತು ಹೆಂಗಸರು ಕೊಡಗಳನ್ನು ಸರತಿಯಲ್ಲೇ ಬಿಟ್ಟು ನಲವತ್ತು ಹೆಜ್ಜೆ ನಡೆದರು. ನಾನು ಹಿಂದೆ ಹಿಂದೆ. ಕಾಕು ಮುಂದಿದ್ದವಳು, ಹತ್ತಿರ ಹೋದಂತೆ ಯಾಕೋ ಹಿಂದೆ ಸರಿದಳು. ಕಾಗದ ಚಾಚಿದವಳು ಅವ್ವ. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ.

"ಸಾಹೇಬ್ರ, ಓಣಿಯವರದೊಂದ ಅರ್ಜಿ ಐತ್ರಿ."

ಅಪ್ಪ ಎದ್ದು ನಿಂತ. ಮನೆಯಲ್ಲಾದರೆ ಏನಿದು ಹುಚ್ಚಾಟ ಎನ್ನುತ್ತಿದ್ದನೇನೋ. ಅಲ್ಲಿ ಅವನು ಚಾವಿಯನ್ನು ಕಲ್ಲಿಗೆ ಒರಗಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡು, ಎರಡೂ ಕೈಯಿಂದ ಕಾಗದ ತೆಗೆದುಕೊಂಡ. ಮೊದಲ ಸಾಲು ನೋಡಿದ ಕೂಡಲೇ ತಲೆಯೆತ್ತಿ ನನ್ನನ್ನು ಹುಡುಕಿದ. ನನ್ನ ಅಕ್ಷರ ಅವನಿಗೆ ಗೊತ್ತು, ಪಾಟಿಯ ಮೇಲೆ ಕೈ ಹಿಡಿದು ತಿದ್ದಿಸಿದವನೇ ಅವನು. ಆಮೇಲೆ ಕಡೆಯ ಸಹಿಯವರೆಗೆ ಓದಿದ. ಮುದಿ ಅತ್ತೆಯ ಸಾಲಿಗೆ ಬಂದಾಗ ಓದುವುದು ನಿಂತು ಮತ್ತೆ ಶುರುವಾದದ್ದು ಅವನ ಕಣ್ಣಿನಲ್ಲಿ ಕಂಡಿತು. ಅವ್ವನ ಸಹಿಯ ಮೇಲೆ ಭಾಳ ಹೊತ್ತು ನಿಂತ.

"ಅರ್ಜಿ ಬಂತ್ರಿ," ಎಂದ, ಎಲ್ಲರಿಗೂ ಕೇಳುವಂತೆ. "ವಿಚಾರ ಮಾಡ್ತೇನಿ."

"ಯಾವಾಗರಿ ಸಾಹೇಬ್ರ?" ಎಂದಳು ಅವ್ವ.

"ಬರೂ ಸರತ್ಯಾಗ."

ಎರಡು ದಿನ ಮನೆಯಲ್ಲಿ ಅರ್ಜಿಯ ಮಾತೇ ಇಲ್ಲ. ಅವ್ವ ರೊಟ್ಟಿ ಬಡಿದಳು, ಅಪ್ಪ ಉಂಡ. ಇಬ್ಬರೂ ಕಚೇರಿಯ ಮಾತನ್ನು ಮನೆಗೆ ತರುವುದಿಲ್ಲವೆಂದು ಗುಟ್ಟಾಗಿ ಒಪ್ಪಿಕೊಂಡವರಂತೆ ನಡೆದುಕೊಂಡರು. ಅಪ್ಪ ಕಚೇರಿಗೆ ಹೋಗಿ ಸಾಹೇಬರ ಸಹಿ ಮಾಡಿಸಿಕೊಂಡು ಬಂದ ಕಾಗದವನ್ನು ನನಗೆ ಕೊಟ್ಟು, ಆರು ಪ್ರತಿ ಬರೆಯೆಂದ. ಆರು ಓಣಿಗೂ ಸರತಿ ತಿರುಗಬೇಕು. ಒಂದು ದಿನ ಕಡೆಗಿದ್ದದ್ದು ಮುಂದಿನ ಸಲ ಮೊದಲಿಗೆ, ಉಳಿದವು ಒಂದೊಂದು ತಾಸು ಕೆಳಗೆ. ಎಲ್ಲರಿಗೂ ಒಮ್ಮೆ ಮೊದಲು, ಒಮ್ಮೆ ಕಡೆ. ಇಷ್ಟು ಸರಳ ಲೆಕ್ಕ ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಬರೆಯುತ್ತಿರುವಾಗ ನನಗೆ ಗೊತ್ತಾಯಿತು: ಕಡೆಗಿರುವವರು ನಾವು, ಅಂದರೆ ನಾಳೆಯೇ ಮೊದಲು ನಾವು. ಅಪ್ಪನಿಗೂ ಅದು ಗೊತ್ತಿತ್ತು. ಮರುದಿನ ನಸುಕಿನಲ್ಲೇ ಎದ್ದು ಪೂಜೆಗೆ ಕೂತವನು ಎಂದಿಗಿಂತ ಹೆಚ್ಚು ಹೊತ್ತು ಕೂತ. ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ಒಲೆಯ ಹತ್ತಿರ ಬಂದ.

"ದೇವರಿಗೆ ಹೇಳಿದೆ. ಮಾತು ಮುರದೆ, ತಪ್ಪಾತು ಅಂದೆ."

"ಮುರದದ್ದು ತಪ್ಪಲ್ರಿ. ಕೊಟ್ಟದ್ದು," ಎಂದಳು ಅವ್ವ, ಚಹದ ಕಪ್ಪು ಚಾಚುತ್ತ. "ದೇವರಿಗೆ ಹೇಳಿದ್ರಿ. ನಮಗ?"

ಅಪ್ಪ ಕಪ್ಪು ಹಿಡಿದುಕೊಂಡು ನಿಂತ. ಅವನಿಗೆ ಅವ್ವನ ಮುಖ ನೋಡಲಾಗಲಿಲ್ಲ, ನನ್ನ ಕಡೆ ತಿರುಗಿದ.

"ತಪ್ಪಾತವ್ವಾ," ಎಂದ. ನನ್ನ ಮೊಣಕೈ ಮೇಲಿನ ಹಳೆಯ ಗಾಯದ ಗುರುತು ಮುಟ್ಟಿದ. ನನಗೆ ಅಳು ಬಂತು, ಅಳುತ್ತಲೇ ಕೊಡ ತೆಗೆದುಕೊಂಡು ಹೊರಗೆ ಓಡಿದೆ.

ಐದಕ್ಕೆ ನಮ್ಮ ನಳದಲ್ಲಿ ನೀರು ಬಂದ ಸದ್ದಿಗೆ ಕಾಕು ಹಿಂದಕ್ಕೆ ಹಾರಿದಳು. ಅಂಥ ಧಾರೆಯನ್ನು ಅಷ್ಟು ವರ್ಷ ನಮ್ಮ ಓಣಿ ಕಂಡಿರಲಿಲ್ಲ. ಕೊಡ ಹಿಡಿಯುವ ಮೊದಲೇ ತುಂಬಿ ಚೆಲ್ಲುತ್ತಿತ್ತು. ಹೆಂಗಸರು ಒದ್ದೆಯಾಗಿ ನಗುತ್ತಿದ್ದರು. ಅಷ್ಟರಲ್ಲಿ, ಅಂದಿನವರೆಗೆ ಮೊದಲ ಸರತಿಯಿದ್ದ ಓಣಿಯವನೊಬ್ಬ ಬಂದು ಗುಂಡಿಯ ಹತ್ತಿರ ನಿಂತು ಕೂಗಿದ.

"ಏನ ಗುರುಸಿದ್ದಪ್ಪಾ, ಕಡೀಗೂ ಮನಿ ಮಂದೀನ ಮೊದಲಾದ್ರೇನು? ಹೆಂಡತಿ ಅರ್ಜಿ ಕೊಟ್ಟಾಳಂತ, ಮಗಳು ಬರದಾಳಂತ!"

ನಮ್ಮ ನಗು ನಿಂತಿತು. ಈ ಮಾತಿಗೆ ಅಂಜಿಯೇ ಅಪ್ಪ ಅಷ್ಟು ವರ್ಷ ಬೆನ್ನು ಹಾಕಿ ಕೂತದ್ದು. ಅವನ ಕಿವಿ ಕೆಂಪಾದದ್ದು ನಾನು ನಿಂತಲ್ಲಿಂದ ಕಂಡಿತು. ಚಾವಿಯನ್ನು ಹಿಂದಕ್ಕೆ ತಿರುವಿಬಿಡುತ್ತಾನೆ ಎಂದುಕೊಂಡೆ.

"ಹೌದ್ರಿ, ಅರ್ಜಿ ಕೊಟ್ಟಾರ," ಎಂದ ಅಪ್ಪ. "ಖರೇ ಇತ್ತು, ಓದಿದೆ. ನೀವೂ ಕೊಡ್ರಿ, ನಿಮ್ಮದೂ ಓದ್ತೇನಿ."

ಆರು ಬಡಿಯುತ್ತಲೇ ನಿಲ್ಲಿಸಿದ. ಕಾಕುವಿನ ಕಡೆಯ ಕೊಡ ಅರ್ಧ ತುಂಬಿತ್ತು, "ಎರಡ ಮಿನಿಟ" ಎಂದು ಬೇಡಿಕೊಂಡಳು. "ತಾಸಾತ್ರಿ ಕಾಕು" ಎಂದು ಗುಂಡಿಯ ಮುಚ್ಚಳ ಹಾಕಿದ. ಕಾಕು ಎರಡೂ ಭಾಷೆಯಲ್ಲಿ ಬೈದಳು. ನಮ್ಮ ಇನ್ನೂ ಎರಡು ತುಂಬಿದ ಕೊಡ ನಳದ ಕಟ್ಟೆಯ ಮೇಲೇ ಇದ್ದವು. ಮುಂದಿನ ಓಣಿಯ ಕಡೆ ಸೈಕಲ್ ತಿರುಗಿಸಿದ್ದ ಅಪ್ಪ ಇಳಿದು ಬಂದು, ಖಾಕಿ ಅಂಗಿಯಲ್ಲೇ, ಓಣಿಯೆಲ್ಲ ನೋಡುತ್ತಿರುವಾಗ, ಎರಡನ್ನೂ ಎತ್ತಿ ಮನೆಗೆ ಹೊತ್ತ. ಕೊಡ ಹೊತ್ತು ರೂಢಿಯಿಲ್ಲದವನು, ಹೊಸ್ತಿಲು ಮುಟ್ಟುವ ಹೊತ್ತಿಗೆ ಅರ್ಧ ಚೆಲ್ಲಿದ್ದ. ಅವ್ವ ಹಂಡೆಯ ಮುಚ್ಚಳ ತೆರೆದು ಹಿಡಿದಳು.

ದಸರೆ ರಜೆ ಮುಗಿದಿತ್ತು, ಅಂದು ನಾನು ಹತ್ತಕ್ಕೇ ಶಾಲೆಯಲ್ಲಿದ್ದೆ. ನೀರಿನ ದಿನ ನನ್ನ ಬೆಂಚಿನ ಮೇಲೆ ಗೆಳತಿಯರು ಡಬ್ಬಿಗಳನ್ನಿಡುವ ರೂಢಿಯಿತ್ತು, ಅವನ್ನು ಸರಿಸಿ ಕೂತೆ. ತರಗತಿಯ ಅಕ್ಕೋರು ಹಾಜರಿ ತೆಗೆದರು. ಮೂರು ದಿನಕ್ಕೊಮ್ಮೆ ನಾನಿರುವುದಿಲ್ಲವೆಂಬುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಆ ದಿನ ಅವರು ಪುಸ್ತಕದಿಂದ ತಲೆ ಎತ್ತದೆಯೇ ಹದಿನೇಳನೆಯ ನಂಬರು ಕೂಗಿ, ಹದಿನೆಂಟನ್ನು ಬಿಟ್ಟು, ಹತ್ತೊಂಬತ್ತು ಎಂದರು. ನಾನು ಎದ್ದು ನಿಂತೆ.

"ಅಕ್ಕೋರ, ಹದಿನೆಂಟು ಬಂದೇನ್ರಿ."